ಹೋಟೆಲಿನ ಖರ್ಚಿಗೆ ಸೇರಿದ ಅಮ್ಮ

ನನ್ನ ತಮ್ಮನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಈಗಲೂ ಇದೆ, ಸುಳ್ಳು ಯಾಕೆ ಹೇಳಲಿ?

ಎರಡು ಸಾವಿರದ ಹತ್ತರ ಆಸುಪಾಸಿನ ಮಾತು. ನಾನು ಠಾಣೆ ಶಹರದಿಂದ ದಿನಾ ಲೋಕಲ್ ರೈಲಿನಲ್ಲಿ ಕಲ್ಯಾಣ ಶಹರಕ್ಕೆ ಹೋಗಿ ಆಫೀಸೊಂದರಲ್ಲಿ ಗುಮಾಸ್ತೆಯ ಕೆಲಸ ಮಾಡುತ್ತಿದ್ದೆ. ಸಂಬಳ ಕೈಗೆ ಬರುವ ಮೊದಲೇ ಟ್ಯಾಕ್ಸ್ ಕತ್ತರಿಸಿರುತ್ತಿದ್ದರು. ರೈಲಿನ ಪಾಸು, ಆಫೀಸಿಗೆ ಉಡುವ ಸೀರೆ, ಯಾವುದನ್ನೂ ಖರ್ಚೆಂದು ತೋರಿಸುವ ಹಾಗಿರಲಿಲ್ಲ. ತಮ್ಮನದು ಘಣಸೋಲಿಯಲ್ಲಿ ಸಣ್ಣ ವೆಜ್ ಹೋಟೆಲು. ಅವನು ಮೊದಲು ಖರ್ಚು ಕಳೆಯುತ್ತಿದ್ದ, ಉಳಿದದ್ದಕ್ಕೆ ಮಾತ್ರ ಟ್ಯಾಕ್ಸ್ ಕಟ್ಟುತ್ತಿದ್ದ. ಬಾಡಿಗೆ, ಗ್ಯಾಸು, ಫೋನು, ಕೊನೆಗೆ ಹೊಸ ಕಾರಿನ ಪೆಟ್ರೋಲು ಕೂಡ. ಭಾನುವಾರ ಅದೇ ಕಾರಿನಲ್ಲಿ ಠಾಣೆಯ ಕೋಪರಿಯಲ್ಲಿದ್ದ ನಮ್ಮ ಮನೆಗೆ ಬಂದು, ನೀರುದೋಸೆ ತಿನ್ನುತ್ತಾ, "ಎಲ್ಲ ದಂಧೆಯ ಖರ್ಚು ಅಕ್ಕ," ಎನ್ನುತ್ತಿದ್ದ.

ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ ಎಂದು ನಾನು ಒಳಗೊಳಗೇ ಬೈದುಕೊಳ್ಳುತ್ತಿದ್ದೆ. ದುಡ್ಡು ಅವನದ್ದೇ ಎಂಬುದು ಬೇರೆ ಮಾತು. ಒಮ್ಮೆ ಸಂಸಾರ ಸಮೇತ ಊರಿಗೆ ಹೋಗಿಬಂದ ಪೆಟ್ರೋಲನ್ನು ಅವನ ಲೆಕ್ಕ ನೋಡುವ ಸಿಎ ಹೋಟೆಲಿನ ಖರ್ಚಿನಿಂದ ತೆಗೆದುಹಾಕಿದರಂತೆ. ಅವತ್ತು ನನಗೆ ಊಟ ಬಹಳ ರುಚಿಸಿತು.

ಅವನಲ್ಲಿ ಇಲ್ಲದ್ದೊಂದು ನನ್ನ ಹತ್ತಿರ ಇತ್ತು. ಅಮ್ಮ. ನಮ್ಮ ಕಡೆ ತಾಯಿ ಮಗಳ ಮನೆಯಲ್ಲಿರುವುದು ಹೊಸದಲ್ಲ. ನನಗೆ ಮಕ್ಕಳಾದಂದಿನಿಂದ ಅಡುಗೆಮನೆ ಅವಳದೇ. ಆಫೀಸಿನಿಂದ ಬರುವಾಗ ಮೆಟ್ಟಿಲಲ್ಲೇ ಹುರಿದ ಕೊತ್ತಂಬರಿಯ ಪರಿಮಳ. ಅವಳ ಸಾರಿನ ಪುಡಿ ಬೇಕಾದರೆ ತಮ್ಮ ಡಬ್ಬಿ ಹಿಡಿದು ನನ್ನ ಬಾಗಿಲಿಗೇ ಬರಬೇಕಿತ್ತು. ನನಗೆ ಅಷ್ಟು ಸಾಕಿತ್ತು.

ಆ ಡಬ್ಬಿಯೇ ಕೆಲಸ ಕೆಡಿಸಿತು. ಹೋಟೆಲಿನಲ್ಲಿ ಅಂಗಡಿಯ ಪುಡಿ ಮುಗಿದ ದಿನ ಅವನು ಅಮ್ಮನ ಪುಡಿ ಹಾಕಿಸಿದ. ಗಿರಾಕಿಗಳು ಸಾರನ್ನು ಲೋಟದಲ್ಲಿ ಕೇಳಿ ಕುಡಿದರಂತೆ. ಮುಂದಿನ ಭಾನುವಾರ ಬಂದವನೇ, "ಅಮ್ಮ, ನೀನು ಹೋಟೆಲಿಗೇ ಬಂದು ಪುಡಿ ಮಾಡು. ಸಂಬಳ ಕೊಡ್ತೇನೆ," ಎಂದ.

"ಹೆತ್ತವಳಿಗೆ ಸಂಬಳವಾ? ನಾಚಿಕೆ ಆಗುದಿಲ್ವಾ ನಿಂಗೆ?" ಎಂದೆ.

"ಸುಮ್ನೆ ಹೆಸರು ಬರೆದ್ರೆ ಆಗುದಿಲ್ಲ ಅಂದಿದ್ದಾರೆ ಸಿಎ. ನಿಜವಾಗಿ ಕೆಲಸ ಮಾಡ್ಬೇಕು, ಬೇರೆಯವರಿಗೆ ಕೊಡುವಷ್ಟೇ ಕೊಡ್ಬೇಕು, ಬ್ಯಾಂಕಿಗೇ ಹಾಕ್ಬೇಕು. ಹಾಗೆ ಮಾಡಿದ್ರೆ ಅದೂ ಖರ್ಚೇ ಅಕ್ಕ."

ಕಾರು ಸಾಲದೆ ಹೋಯಿತು, ಈಗ ಅಮ್ಮ! ಮೊಣಕಾಲು ನೋವಿನವಳು, ಒಂದು ವಾರ ಹೋದಾಳು ಎಂದುಕೊಂಡೆ. ಅವಳು ಹೋಗುತ್ತಲೇ ಇದ್ದಳು. ಬೆಳಿಗ್ಗೆ ನನಗಿಂತ ಮೊದಲು ತಯಾರಾಗಿ, ಘಣಸೋಲಿಗೆ ಹೋಗುವ ವಾಶಿ ಕಡೆಯ ಲೋಕಲ್ ಹಿಡಿಯುತ್ತಿದ್ದಳು. ಜನ್ಮದಲ್ಲಿ ಮೊದಲ ಬಾರಿಗೆ ಅವಳ ಹೆಸರಿಗೆ ಬ್ಯಾಂಕಿನ ಪಾಸ್‌ಬುಕ್ಕು ಬಂತು, ಅದನ್ನು ದೇವರ ಫೋಟೊದ ಎದುರು ಇಟ್ಟಳು. ನಮ್ಮ ಮನೆಯ ಸಾರು ನೀರಾಯಿತು. ಮಾಡುತ್ತಿದ್ದವಳು ನಾನಲ್ಲವೇ!

ಮಳೆ ಹಿಡಿದು ರೈಲುಗಳು ತಡವಾಗತೊಡಗಿದಾಗ ತಮ್ಮ ಇನ್ನೊಂದು ಮಾತು ತೆಗೆದ. ಹತ್ತಿ ಇಳಿಯುವ ಕಷ್ಟ ಬೇಡ, ಅಮ್ಮ ಘಣಸೋಲಿಯ ತನ್ನ ಮನೆಯಲ್ಲೇ ಇರಲಿ ಎಂದ. ಅವನು ಆಚೆ ಹೋದದ್ದೇ ಅಮ್ಮನಿಗೆ ಹೇಳಿದೆ:

"ಅವ ಟ್ಯಾಕ್ಸ್ ಉಳಿಸ್ಲಿಕ್ಕೆ ಕರೀತಾನೆ ಅಮ್ಮ, ಪ್ರೀತಿಯಿಂದಲ್ಲ. ಅವನಿಗೆ ನೀನೊಂದು ಖರ್ಚು, ಅಷ್ಟೇ."

ಅಮ್ಮ ಹರಿವೆ ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಇರ್ಬಹುದು ಮಗಾ. ನಿನ್ನ ಆಫೀಸಿನ ಮೆಡಿಕಲ್ ಫಾರಮ್ಮಿನಲ್ಲಿ ನಾನು ಎಂತ?"

ವರ್ಷ ವರ್ಷ ಅದನ್ನು ತುಂಬಿ ಅವಳಿಗೆ ಓದಿ ಹೇಳುತ್ತಿದ್ದವಳು ನಾನೇ. ಡಿಪೆಂಡೆಂಟ್, ಅಂದರೆ ನನ್ನ ಸಂಬಳದಲ್ಲಿ ಬದುಕುವವರು. ಮಕ್ಕಳಿಬ್ಬರ ಕೆಳಗೆ ಅವಳ ಹೆಸರು.

"ಇಷ್ಟು ವರ್ಷ ನಿನ್ನ ಅಡಿಗೆಮನೆಯಲ್ಲಿ ದುಡ್ದೆ," ಎಂದಳು. "ನೀನು ನನ್ನನ್ನು ಸಾಕಬೇಕಾದವರ ಸಾಲಲ್ಲಿ ಬರ್ದಿ. ಅವ ಕೆಲಸದವರ ಸಾಲಲ್ಲಿ ಬರ್ದ."

ಅವಳು ಹೊರಟ ದಿನ ಆ ಕಾರೇ ಬಂತು. ಪುಡಿ ಹುರಿಯುವ ಬಾಣಲೆ ಕೇಳಿದಳು, ತೊಳೆದು ಒರೆಸಿ ಕೊಟ್ಟೆ. ಅಂದಿನಿಂದ ಸಾರಿನ ಪುಡಿ ಮುಗಿದರೆ ನಾನೇ ಡಬ್ಬಿ ಹಿಡಿದು ಘಣಸೋಲಿಗೆ ಹೋಗುತ್ತೇನೆ.