ತುರ್ತು ಮುಗಿದ ಅರ್ಜಿ

ಸ್ನೇಹಿತರೇ, ಇವತ್ತು ಕೋರ್ಟಿನಲ್ಲಿ ನನ್ನ ಅರ್ಜಿಯೊಂದು ಎರಡೇ ನಿಮಿಷದಲ್ಲಿ ಇತ್ಯರ್ಥವಾಯಿತು.

ಮನೆಗೆ ಹೋಗುವ ದಾರಿಗೆ ಪಕ್ಕದವರು ಬೇಲಿ ಹಾಕಿದ್ದಾರೆಂದು ಗುಲ್ವಾಡಿಯ ಶೀನಣ್ಣ ಹದಿನಾರು ವರ್ಷದ ಹಿಂದೆ ದಾವೆ ಹೂಡಿದ್ದರು. ವಯಸ್ಸು ಎಂಬತ್ತೊಂದು, ಕಾಯಿಲೆ ಬೇರೆ, ಬೇಗ ವಿಚಾರಣೆ ಮಾಡಿ ಎಂದು ಅವರ ವಕೀಲನಾಗಿ ನಾನು ಬೇಸಿಗೆಯಲ್ಲೇ ಅರ್ಜಿ ಕೊಟ್ಟಿದ್ದೆ. ಅದರ ಸರದಿ ಬಂದದ್ದು ಇವತ್ತು. ಶೀನಣ್ಣ ಕಳೆದ ತಿಂಗಳೇ ತೀರಿಕೊಂಡರು. ದಾರಿಯಿಲ್ಲದೆ ಅವರ ಹೆಣವನ್ನು ಕೆಸರುಗದ್ದೆಯಲ್ಲೇ ಹೊತ್ತು ಸಾಗಿಸಿದ್ದರು.

ನ್ಯಾಯಾಧೀಶರ ಮೇಜಿನ ಮೇಲೆ ಕಡತಗಳ ರಾಶಿಯಿತ್ತು. "ಅರ್ಜಿದಾರರೇ ಇಲ್ಲವೆಂದ ಮೇಲೆ ತುರ್ತು ಏನಿದೆ? ಮೊದಲು ವಾರಸುದಾರರನ್ನು ಸೇರಿಸಿ" ಎಂದು ಮೆತ್ತಗೆ ಹೇಳಿ, ಮುಂದಿನ ಕಡತ ಎತ್ತಿಕೊಂಡರು.

ಹೊರಗೆ ಬೆಂಚಿನಲ್ಲಿ ಕೂತಿದ್ದ ಶೀನಣ್ಣನ ಹೆಂಡತಿ ಗಿರಿಜಕ್ಕನಿಗೆ ವಿಷಯ ಹೇಳಿದೆ. ಅವರು ಕೇಳಿದ್ದು ಇಷ್ಟೇ:

"ಹಂಗಾರೆ ನಾನೂ ಅದೇ ಗದ್ದಿ ಮೇಲೇ ಹೋಯ್ಕಾ, ವಕೀಲ್ರೇ?"

ವಾರಸುದಾರರ ಅರ್ಜಿಗೆ ಅವರ ಹೆಬ್ಬೆಟ್ಟು ಹಾಕಿಸಿ, ವಯಸ್ಸು ಎಪ್ಪತ್ತಾರು ಎಂದು ಬರೆದೆ. ಮತ್ತೊಂದು ತುರ್ತು ಅರ್ಜಿಗೆ ಅಷ್ಟು ವಯಸ್ಸು ಸಾಕಾಗುತ್ತದೆ.