ಮನೆ ದೇವರ ಪ್ರಶ್ನೆ ಮತ್ತು ಅಮೆರಿಕದ ಫಾರ್ಮು

ಸ್ವಲ್ಪ ತಡೀರಿ. ಪುಟ ತಿರುಗಿಸಬೇಡಿ. ಇದನ್ನು ಕೇಳಿ, ಆಮೇಲೆ ಬೇಕಾದರೆ ಚಹಾಕ್ಕೆ ಎದ್ದು ಹೋಗಿ.

ಕಳೆದ ಭಾನುವಾರ ನಮ್ಮ ಕನ್ನಡದವರ ಊಟದಲ್ಲಿ ಒಂದೇ ಪ್ರಶ್ನೆಯನ್ನು ಸಾಲಾಗಿ ಹನ್ನೊಂದು ಜನಕ್ಕೆ ಕೇಳಿದರು. ಹನ್ನೊಂದು ಜನವೂ ಉತ್ತರ ಕೊಟ್ಟರು. ಹನ್ನೆರಡನೆಯವರ ಹತ್ತಿರ ಬಂದಾಗ ಪ್ರಶ್ನೆಯನ್ನು ಅರ್ಧಕ್ಕೇ ತಡೆದುಬಿಟ್ಟರು. ಜಗಳವಿಲ್ಲ, ಬೈಗುಳವಿಲ್ಲ. ಹೋಳಿಗೆ ಬಡಿಸಿದರು, ಅಷ್ಟೇ.

ಹಾಗೆ ತಡೆಯೋದಕ್ಕೆ ಕಾರಣ ನಾನು. ಮತ್ತು ಅಮೆರಿಕದ ಸುಪ್ರೀಂ ಕೋರ್ಟು. (ನಗಬೇಡಿ. ಹೇಳುತ್ತೇನೆ.)

ಬನಾರಸ್ಸಿನಲ್ಲಿ ನಾವು ಕನ್ನಡದ ಮನೆಗಳು ಕೆಲವೇ ಇವೆ. ರೈಲ್ವೆಯವರು, ಬ್ಯಾಂಕಿನವರು, ಯೂನಿವರ್ಸಿಟಿಯ ಡಾಕ್ಟರು, ಮೇಷ್ಟ್ರುಗಳು. ತಿಂಗಳಿಗೊಮ್ಮೆ ಯಾರದಾದರೂ ತಾರಸಿಯ ಮೇಲೆ ಸೇರುತ್ತೇವೆ. ಒಬ್ಬೊಬ್ಬರು ಒಂದೊಂದು ಅಡುಗೆ ತರಬೇಕು. ಮೂರು ಗಂಟೆ ಕನ್ನಡ ಮಾತಾಡಬೇಕು. ಹೊಸಬರು ಬಂದರೆ ಹಳಬರೆಲ್ಲ ಸಾಲಾಗಿ ಪರಿಚಯ ಹೇಳಿಕೊಳ್ಳಬೇಕು. ಹೆಸರು, ಕೆಲಸ, ಊರು. ಕೊನೆಗೆ ಒಂದು ಪ್ರಶ್ನೆ ಇದ್ದೇ ಇರುತ್ತದೆ: "ನಿಮ್ಮ ಮನೆ ದೇವ್ರು ಯಾವ್ದು?"

ನಿಮಗೆ ಗೊತ್ತಲ್ಲ, ಇದು ದೇವರ ಬಗ್ಗೆ ಕೇಳುವ ಪ್ರಶ್ನೆಯೇ ಅಲ್ಲ. ಜಾತಿ ಯಾವುದು ಅಂತ ಬಾಯಿಬಿಟ್ಟು ಕೇಳುವುದು ಒರಟು. ಮನೆ ದೇವರನ್ನು ಕೇಳುವುದು ಭಕ್ತಿ. ಉತ್ತರ ಮಾತ್ರ ಒಂದೇ.

ಎಂಟು ವರ್ಷದಿಂದ ಈ ಪ್ರಶ್ನೆಗೆ ಅತಿ ಒಳ್ಳೆಯ ಉತ್ತರ ಕೊಡುತ್ತಿದ್ದವರು ಹನುಮಂತಪ್ಪ ಅಂಕಲ್. ರಾಯಚೂರಿನ ಕಡೆಯವರು. ಬ್ಯಾಂಕಿನಲ್ಲಿದ್ದಾರೆ, ಮನೆ ನದಿಯಾಚೆಯ ರಾಮನಗರದಲ್ಲಿ. ಪ್ರಶ್ನೆ ಬಂದ ಕೂಡಲೇ ಎರಡೂ ಕೈ ಮೇಲೆತ್ತಿ ಹೇಳುತ್ತಿದ್ದರು: "ಕಾಶಿ ವಿಶ್ವನಾಥ್ರೀ! ಮನಿ ಈಗ ಇಲ್ಲೇ ಐತಲ್ರೀ, ಮತ್ತ ಬ್ಯಾರೆ ಮನಿ ದೇವ್ರು ಎಲ್ಲಿಂದ ತರ್ಲಿ?"

ಎಲ್ಲರೂ ನಗುತ್ತಿದ್ದರು. ಪ್ರಶ್ನೆ ಪಕ್ಕದವರಿಗೆ ಹೋಗುತ್ತಿತ್ತು. ಆ ಜೋಕ್ ಎಷ್ಟು ಫೇಮಸ್ ಅಂದರೆ, ಹೊಸಬರು ಬಂದಾಗ ನಾನೇ ಎರಡು ಸಲ "ಅಂಕಲ್, ನಿಮ್ಮ ಮನೆ ದೇವ್ರು ಯಾವ್ದು, ಹೇಳಿ ಹೇಳಿ" ಎಂದು ಕೆಣಕಿದ್ದೆ. ಅವರು ಹೇಳಿದರು. ನಾನು ಚಪ್ಪಾಳೆ ತಟ್ಟಿದೆ.

ಈಗ ಅಮೆರಿಕಕ್ಕೆ ಬರೋಣ.

ನನಗೊಂದು ಹುಚ್ಚಿದೆ. ವಿದೇಶಿ ಕಾಲೇಜುಗಳ ಅಡ್ಮಿಷನ್ ಹುಚ್ಚು. ಯಾರೂ ಕಲಿಸಿದ್ದಲ್ಲ. ವಿಡಿಯೋ ನೋಡಿದೆ, ಕಾಲೇಜುಗಳ ವೆಬ್‌ಸೈಟ್ ಓದಿದೆ, ಸಿಕ್ಕವರ ಪ್ರಬಂಧಗಳನ್ನೆಲ್ಲ ತಡಕಾಡಿದೆ. ನಾನು ಓದಿದ್ದು ಅಂಚೆ ಮೂಲಕ ಬಿಕಾಂ. ಸೇತುವೆ ದಾಟಿ ರಾಮನಗರಕ್ಕೆ ಹೋದದ್ದೇ ನನ್ನ ಫಾರಿನ್ ಟೂರ್. ಆದರೂ ನಮ್ಮ ಗುಂಪಿನ ಮಕ್ಕಳಿಗೆಲ್ಲ ನಾನೇ ಫಾರ್ಮ್ ಎಕ್ಸ್‌ಪರ್ಟು.

ಅಲ್ಲಿ ದೊಡ್ಡ ಕಾಲೇಜುಗಳು ಸೀಟು ಕೊಡುವಾಗ ವಿದ್ಯಾರ್ಥಿಯ ಜನಾಂಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದವು. ತಲೆಮಾರುಗಳ ಕಾಲ ಬಾಗಿಲ ಹೊರಗೆ ನಿಲ್ಲಿಸಿದ್ದ ಕಪ್ಪು ಜನರ ಮಕ್ಕಳು ಒಳಗೆ ಬರಲಿ, ಕ್ಲಾಸಿನಲ್ಲಿ ಎಲ್ಲ ಥರದವರೂ ಇರಲಿ ಅಂತ. ಇದರಿಂದ ಏಷ್ಯಾದ ಮೂಲದ ಮಕ್ಕಳಿಗೆ ಅನ್ಯಾಯವಾಗುತ್ತಿದೆ ಎಂದು ಕೇಸಾಯಿತು. ಜನಾಂಗ ನೋಡಿ ಸೀಟು ಕೊಡಬೇಡಿ ಎಂದು ಕೋರ್ಟು ಹೇಳಿತು. ಆದರೆ ಒಂದು ಕಿಟಕಿ ತೆರೆದಿಟ್ಟಿತು: ಜನಾಂಗದಿಂದಾಗಿ ತನ್ನ ಬದುಕಿನಲ್ಲಿ ಏನೇನಾಯಿತು ಎಂದು ವಿದ್ಯಾರ್ಥಿಯೇ ಬರೆದರೆ, ಅದನ್ನು ಓದಬಹುದು.

ಕಾಲೇಜುಗಳು ಏನು ಮಾಡಿದವು? ಕಿಟಕಿಯ ಕೆಳಗೆ ಒಂದು ಏಣಿ ಇಟ್ಟವು. "ನೀವು ಬೆಳೆದ ಸಮುದಾಯ ನಿಮ್ಮನ್ನು ಹೇಗೆ ರೂಪಿಸಿತು? ಬರೆಯಿರಿ." ಹೀಗೊಂದು ಪ್ರಬಂಧದ ಪ್ರಶ್ನೆ.

ಹನುಮಂತಪ್ಪ ಅಂಕಲ್ ಮಗಳು ಸುಪ್ರಿಯಾ ಹನ್ನೆರಡನೇ ಕ್ಲಾಸು. ಲೆಕ್ಕದಲ್ಲಿ ಬೆಂಕಿ. ಅವಳಿಗೆ ಬೇಕಿದ್ದದ್ದು ಒಂದೇ ಕಾಲೇಜು, ಪೂರ್ತಿ ಸ್ಕಾಲರ್‌ಶಿಪ್ ಕೊಡುವಂಥದ್ದು. ಹೊಸ ವರ್ಷದ ಮೊದಲ ದಿನವೇ ಕೊನೆಯ ದಿನ. ನಾನು ಉತ್ಸಾಹದಿಂದ ಪ್ರಬಂಧದ ಐಡಿಯಾ ಕೊಟ್ಟೆ. ಗಂಗೆ, ದೋಣಿ, ಬೆಳಗಿನ ಮಂಜು, ಹಿಂದಿಯವರ ನಡುವೆ ಒಂಟಿ ಕನ್ನಡದ ಹುಡುಗಿ. ಡೈವರ್ಸಿಟಿ ಅಂದರೆ ಇದೇ ತಾನೇ?

ಅವಳು ಮುಖ ಕಿವುಚಿದಳು. "ಅಕ್ಕಾ, ಇದು ಟೂರಿಸ್ಟ್ ಬ್ರೋಷರ್ ಥರ ಇದೆ. ಮತ್ಲಬ್, ದೋಣಿ ಹತ್ತಿದ್ರೆ ನಂಗೆ ಉಲ್ಟಿ ಬರತ್ತೆ."

ನಾನು ಎಕ್ಸ್‌ಪರ್ಟ್ ಗತ್ತಿನಲ್ಲಿ ವಿವರಿಸಿದೆ. "ನೋಡು, ಅವರು ನೇರವಾಗಿ ಕೇಳೋ ಹಾಗಿಲ್ಲ. ಅದಕ್ಕೆ ಸುತ್ತಿ ಬಳಸಿ ಕೇಳ್ತಿದಾರೆ."

"ಗೊತ್ತು," ಅಂದಳು. "ಮನೆ ದೇವ್ರು ಯಾವ್ದು ಅಂತ ಕೇಳ್ತಾರಲ್ಲ, ಹಂಗೆ."

ನಾನು ನಕ್ಕೆ. ಅವಳು ನಗಲಿಲ್ಲ.

ನಗು ನಿಂತಿತು. ಎಂಟು ವರ್ಷ ಚಪ್ಪಾಳೆ ತಟ್ಟಿದ ಜೋಕಿನ ಅರ್ಥ ನನಗೆ ಆಗಿದ್ದು ಆ ಕ್ಷಣದಲ್ಲಿ. (ನಾನು ಬುದ್ಧಿವಂತೆ ಅಂದುಕೊಂಡಿದ್ದೆ.) ನನ್ನನ್ನು ಆ ಪ್ರಶ್ನೆ ಕೇಳಿದಾಗ ನಾನು ಯೋಚಿಸಿದ್ದೇ ಇಲ್ಲ. ಫೋನ್ ನಂಬರ್ ಹೇಳಿದ ಹಾಗೆ ಹೇಳಿಬಿಡುತ್ತೇನೆ. ಯೋಚಿಸಬೇಕಾಗಿಲ್ಲ ಎನ್ನುವುದೇ ನನ್ನ ಜಾತಿಯ ಪರಿಚಯ ಅಂತ ಯಾರೂ ಹೇಳಿರಲಿಲ್ಲ.

ಎರಡು ದಿನ ಬಿಟ್ಟು ಅವಳೇ ಬರೆದು ತಂದಳು. ಪ್ರಬಂಧದ ಹೆಸರು, "ಅಪ್ಪನ ಜೋಕ್".

ಅದರಲ್ಲಿ ಗಂಗೆ ಇರಲಿಲ್ಲ. ದಲಿತ ಕುಟುಂಬವೊಂದು ರಾಯಚೂರಿನಿಂದ ಇಲ್ಲಿಗೆ ಬಂದ ಕಥೆ ಇತ್ತು. ಜೊತೆಯವರೆಲ್ಲ ಮೂರು ವರ್ಷಕ್ಕೆ ಟ್ರಾನ್ಸ್‌ಫರ್ ಮಾಡಿಸಿಕೊಂಡು ಊರಿಗೆ ಹೋದರೂ ಅಪ್ಪ ಹೋಗಲಿಲ್ಲ. ಯಾಕೆ? ಇಲ್ಲಿಯ ಅಂಗಡಿಯವನು "ಪೂರಾ ನಾಮ್?" ಎಂದು ಪೂರ್ತಿ ಹೆಸರು ಕೇಳುತ್ತಾನೆ, ಅಡ್ಡಹೆಸರಿನಿಂದ ಜಾತಿ ತಿಳಿಯಲು. ಅದೂ ಅದೇ ಪ್ರಶ್ನೆ. ಆದರೆ ಹನುಮಂತಪ್ಪ ಎಂಬ ಹೆಸರಿನಿಂದ ಅವನಿಗೆ ಏನೂ ತಿಳಿಯುವುದಿಲ್ಲ. ಸೌತ್‌ನವರು ಅಂದುಕೊಂಡು ಸುಮ್ಮನಾಗುತ್ತಾನೆ. ಇಡೀ ಬನಾರಸ್ಸಿನಲ್ಲಿ ಅಪ್ಪನ ಗುಟ್ಟು ಬಿಡಿಸಬಲ್ಲವರು ಕನ್ನಡದವರು ಮಾತ್ರ. ಆದರೂ ಅಪ್ಪ ತಿಂಗಳಿಗೊಮ್ಮೆ ಅಲ್ಲಿಗೇ ಹೋಗುತ್ತಾರೆ. ಯಾಕೆಂದರೆ ಅವರಿಗೆ ಕನ್ನಡ ಬೇಕು. ಹೋಗುವ ಮೊದಲು ಕನ್ನಡಿಯ ಮುಂದೆ ಒಂದು ಸಲ ಜೋಕ್ ಹೇಳಿ ನೋಡಿಕೊಳ್ಳುತ್ತಾರೆ.

ಓದಿ ಮುಗಿಸಿ ಫೋನಿನಲ್ಲಿ ಮತ್ತೆ ಮೊದಲಿನಿಂದ ಓದಿದೆ.

"ಅಕ್ಕಾ, ಇನ್ನೊಂದು ತಮಾಷೆ," ಅಂದಳು ಸುಪ್ರಿಯಾ. "ಈ ಫಾರ್ಮಲ್ಲಿ ನಾನೂ ಪ್ರಮೀಳಾ ಆಂಟಿ ಮಗನೂ ಒಂದೇ ಬಾಕ್ಸ್. ಏಷ್ಯನ್. ಜೀವನದಲ್ಲಿ ಮೊದಲ್ನೇ ಸಲ! ಖುಷಿನೂ ಆಯ್ತು, ಗುಸ್ಸಾನೂ ಬಂತು." (ಪ್ರಮೀಳಾ ಆಂಟಿ ನಮ್ಮ ಗುಂಪಿನವರೇ, ಮೇಲ್ಜಾತಿಯವರು; ಮಗ ಅನಿರುದ್ಧನೂ ಈ ವರ್ಷ ಇದೇ ಫಾರ್ಮು ತುಂಬುತ್ತಿದ್ದ.) ಆಮೇಲೆ ಸುಪ್ರಿಯಾ ಗಂಭೀರವಾದಳು. "ಅಪ್ಪ ಇನ್ನೂ ಓದಿಲ್ಲ. ನಾನೇ ತೋರಿಸ್ತೀನಿ. ಅವ್ರು ಹ್ಞೂಂ ಅಂದ್ರೆ ಕಳ್ಸೋಣ. ಬೇಡ ಅಂದ್ರೆ ದೋಣಿ ಕಳ್ಸೋಣ."

ಇಷ್ಟೇ ಷರತ್ತು. ನನಗೆ ಅರ್ಥವಾಗಿತ್ತು.

ಆದರೂ ನಾನು ಏನು ಮಾಡಿದೆ ಗೊತ್ತೇ? ಪ್ರಬಂಧವನ್ನು ಪ್ರಮೀಳಾ ಆಂಟಿಗೆ ಕಳಿಸಿದೆ. ಅವರು ಯೂನಿವರ್ಸಿಟಿಯಲ್ಲಿ ಇಂಗ್ಲಿಷ್ ಪಾಠ ಮಾಡುತ್ತಾರೆ. ನಮ್ಮ ಗುಂಪಿನಲ್ಲಿ ಎಲ್ಲ ಮಕ್ಕಳ ಪ್ರಬಂಧವನ್ನೂ ಅವರಿಂದಲೇ ತಿದ್ದಿಸುವುದು ರೂಢಿ. ಅಲ್ಪವಿರಾಮ ಸರಿ ಇದೆಯೇ ನೋಡಿ ಎಂದು ಬರೆದೆ. ಕಾಲೇಜಿಗೆ ಕಳಿಸಬೇಡ ಅಂದಿದ್ದಾಳೆ, ಅಲ್ಪವಿರಾಮ ನೋಡಿಸಬೇಡ ಅಂದಿಲ್ಲವಲ್ಲ ಎಂದು ನನಗೆ ನಾನೇ ವಕಾಲತ್ತು ಮಾಡಿಕೊಂಡೆ. ಇಷ್ಟು ಚೆನ್ನಾಗಿರೋದನ್ನು ಯಾರಿಗಾದರೂ ತೋರಿಸಬೇಕು ಅನ್ನೋ ಚಪಲ, ಇನ್ನೇನಿಲ್ಲ.

ಹತ್ತು ನಿಮಿಷದಲ್ಲಿ ಉತ್ತರ ಬಂತು. "ಅದ್ಭುತ. ಬಹಳ ಸ್ಟ್ರಾಂಗ್ ಕಾರ್ಡ್. ನಮ್ಮ ಅನಿರುದ್ಧಂಗೆ ಬರಿಯೋಕೆ ಒಂದು ಕಷ್ಟನೂ ಇಲ್ಲ ನೋಡು, ಪಾಪ." ಜೊತೆಗೆ ಕೈ ಮುಗಿದ ಚಿತ್ರ. ಅಲ್ಪವಿರಾಮದ ಬಗ್ಗೆ ಏನೂ ಇರಲಿಲ್ಲ.

ಭಾನುವಾರ ಬಂತು. ಊಟ ಪ್ರಮೀಳಾ ಆಂಟಿ ತಾರಸಿಯ ಮೇಲೇ. ಚಳಿಗಾಲದ ಬಿಸಿಲು, ಹೊಸ ಬಟಾಣಿಯ ಪಲ್ಯ, ಚಿತ್ರಾನ್ನ. ಹನುಮಂತಪ್ಪ ಅಂಕಲ್ ಮನೆಯಿಂದ ಎಂದಿನಂತೆ ಶೇಂಗಾ ಹೋಳಿಗೆ. ಸುಪ್ರಿಯಾ ನನ್ನ ಕಿವಿಯಲ್ಲಿ, "ಇವತ್ತು ಮನೆಗೆ ಹೋದ್ಮೇಲೆ ಅಪ್ಪಂಗೆ ತೋರಿಸ್ತೀನಿ, ನೀವೂ ಬನ್ನಿ" ಅಂದಳು. ನಾನು ತಲೆಯಾಡಿಸಿದೆ. ಪ್ರಮೀಳಾ ಆಂಟಿಗೆ ಕಳಿಸಿದ್ದನ್ನು ಹೇಳಲು ಬಾಯಿ ಬರಲಿಲ್ಲ.

ಪ್ರಮೀಳಾ ಆಂಟಿ ಕೆಟ್ಟವರಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಅವರು ಅವತ್ತು ಹೋಳಿಗೆಯ ಡಬ್ಬಿಯನ್ನು ಎಲ್ಲರಿಗೂ ಕಾಣುವ ಹಾಗೆ ತೆಗೆದು, "ನಂಗೆ ಮೊದ್ಲು ಹನುಮಂತಪ್ಪನವರ ಮನೆ ಹೋಳಿಗೆ! ನಮ್ಮನೇಲಿ ಅಂಥದ್ದೆಲ್ಲ ಇಲ್ಲಪ್ಪ" ಎಂದು ಎರಡು ಹಾಕಿಕೊಂಡರು. ಅಂಥದ್ದು ಅಂದರೆ ಎಂಥದ್ದು? ಅಂಕಲ್ ಒಂದು ಕ್ಷಣ ತಲೆಯೆತ್ತಿ ನೋಡಿದರು. ಉಳಿದವರು ಯಾರೂ ನೋಡಲಿಲ್ಲ. ನೋಡದೇ ಇದ್ದದ್ದರಿಂದಲೇ ಎಲ್ಲರಿಗೂ ಸುದ್ದಿ ಮುಟ್ಟಿದೆ ಎಂದು ನನಗೆ ಗೊತ್ತಾಯಿತು.

ಅವತ್ತು ಹೊಸಬರೊಬ್ಬರು ಬಂದಿದ್ದರು. ಮೈಸೂರಿನ ಕಡೆಯವರು, ಗಂಡನಿಗೆ ರೈಲ್ವೆಯಲ್ಲಿ ವರ್ಗ. ಆಕೆ ಸಾಲಾಗಿ ಪರಿಚಯ ಮಾಡಿಕೊಳ್ಳುತ್ತ ಬಂದರು. ಊರು, ಕೆಲಸ, ಮನೆ ದೇವರು. ಹನ್ನೊಂದು ಜನ. ಹನ್ನೆರಡನೆಯವರಾಗಿ ಹನುಮಂತಪ್ಪ ಅಂಕಲ್. ಆಗಲೇ ಎರಡು ಕೈ ಅರ್ಧ ಮೇಲೆತ್ತಿದ್ದರು. ಜೋಕ್ ನಾಲಿಗೆ ತುದಿಯಲ್ಲಿತ್ತು.

"ನಿಮ್ಮ ಮನೆ ದೇವ್ರು..."

"ಅಯ್ಯೋ, ಅದೆಲ್ಲ ಯಾಕೀಗ!" ಪ್ರಮೀಳಾ ಆಂಟಿ ನಡುವೆ ಬಂದರು. "ಮೊದ್ಲು ಊಟ ಮಾಡಿ, ತಣ್ಣಗಾಗತ್ತೆ."

ಆಕೆ ಪ್ರಮೀಳಾ ಆಂಟಿಯ ಮುಖ ನೋಡಿದರು. ಅಂಕಲ್ ಮುಖ ನೋಡಿದರು. "ಓ, ಸಾರಿ," ಅಂದರು.

ಯಾಕೆ ಸಾರಿ? ಹನ್ನೊಂದು ಜನಕ್ಕೆ ಹೇಳದ ಸಾರಿ?

ಅಂಕಲ್ ಕೈಗಳು ಮೆಲ್ಲಗೆ ಕೆಳಗಿಳಿದವು. ಅಷ್ಟರಲ್ಲಿ ಪ್ರಮೀಳಾ ಆಂಟಿ ಸುಪ್ರಿಯಾಳ ಕೆನ್ನೆ ಸವರಿ, "ನಿನ್ನ ಪ್ರಬಂಧ ಓದಿ ಕಣ್ಣಲ್ಲಿ ನೀರು ಬಂತು ಪುಟ್ಟಾ," ಅಂದರು. ಸುಪ್ರಿಯಾ ನನ್ನ ಕಡೆ ತಿರುಗಿದಳು. ಆ ನೋಟ ಹೇಗಿತ್ತು ಎಂದು ಬರೆಯುವುದಿಲ್ಲ.

ವಾಪಸ್ ಹೋಗುವಾಗ ಅಂಕಲ್, ಸುಪ್ರಿಯಾ, ನಾನು ಒಂದೇ ಇ-ರಿಕ್ಷಾದಲ್ಲಿ ಕೂತೆವು. ನನ್ನನ್ನು ಇಳಿಸಿಬಿಡಬಹುದಿತ್ತು, ಇಳಿಸಲಿಲ್ಲ. ರಿಕ್ಷಾ ಸೇತುವೆ ಹತ್ತಿತು. ನಾನೇ ಬಾಯಿಬಿಟ್ಟೆ. "ಅಂಕಲ್, ಕಳಿಸಿದ್ದು ನಾನು. ಇವಳಲ್ಲ."

"ಏನ್ ಕಳ್ಸಿದ್ದು? ನನಗ ತೋರ್ಸ್ರಿ ಮೊದ್ಲು," ಅಂದರು.

ಸುಪ್ರಿಯಾ ಫೋನ್ ಕೊಟ್ಟಳು. ರಿಕ್ಷಾ ಕುಲುಕುತ್ತಿತ್ತು. ಅವರು ಕನ್ನಡಕ ಹಣೆಗೇರಿಸಿ, ಬ್ಯಾಂಕಿನ ಕಾಗದ ಓದುವ ಹಾಗೆ ಒಂದೊಂದೇ ಸಾಲು ಓದಿದರು. ಕನ್ನಡಿಯ ಜಾಗಕ್ಕೆ ಬಂದಾಗ "ಅದನ್ನ ಯಾವಾಗ ನೋಡಿದೀ ನೀ?" ಎಂದು ಕೇಳಿದರು. ಆಮೇಲೆ ತಾವೇ ಮುಂದಿನ ಸಾಲಿಗೆ ಹೋದರು.

ಓದಿ ಮುಗಿಸಿ ಫೋನ್ ವಾಪಸ್ ಕೊಟ್ಟರು. "ಒಂದು ತಪ್ಪೈತಿ."

"ಯಾವ್ದಪ್ಪಾ?"

"ಅಪ್ಪ ಹೆದರಿ ಜೋಕ್ ಹೇಳ್ತಾರ ಅಂತ ಬರ್ದೀದಿ. ನಾ ಹೆದರಿದ್ದಲ್ಲ ಯವ್ವಾ. ಖರೇ ಉತ್ತರ ಕೇಳಿದ್ರ ಅವ್ರು ಮುಖ ಎಲ್ಲಿ ಇಟ್ಕೋಬೇಕು ಹೇಳು? ಪಾಪ, ಅಷ್ಟು ದೂರದಿಂದ ಕನ್ನಡ ಮಾತಾಡಾಕ ಬಂದಿರ್ತಾರ. ಅವ್ರ ಮರ್ಯಾದಿ ಉಳಸಾಕ ಹೇಳ್ತಿದ್ದೆ. ಅದನ್ನ ತಿದ್ದು."

"ತಿದ್ದಿ?"

"ತಿದ್ದಿ ಕಳ್ಸು." ಕನ್ನಡಕ ಹಣೆಯಿಂದ ಕೆಳಗಿಳಿಸಿಕೊಂಡರು. "ಎಂಟು ವರ್ಷ ಒಂದಾ ಜೋಕ್ ಹೇಳಿ ನನಗೂ ಬ್ಯಾಸರಾಗಿತ್ತು ಬಿಡು."

ಆಮೇಲೆ ನನ್ನ ಕಡೆ ತಿರುಗಿ, "ನೀವು ಚಪ್ಪಾಳಿ ಮಾತ್ರ ಚಂದ ತಟ್ತಿದ್ರಿ," ಅಂದರು. ಅಷ್ಟೇ. ಅದಕ್ಕಿಂತ ಒಂದು ಬೈಗುಳ ಎಷ್ಟೋ ಸುಲಭವಾಗಿತ್ತು.

ಪ್ರಬಂಧ ಹೋಗಿದೆ. ಫಲಿತಾಂಶ ಬರುವುದು ಹೋಳಿಯ ಹೊತ್ತಿಗೆ. ಸಿಗುತ್ತದೋ ಇಲ್ಲವೋ ಎಕ್ಸ್‌ಪರ್ಟ್‌ಗೂ ಗೊತ್ತಿಲ್ಲ. ಜಾತಿ ಅಂದರೇನು ಎಂದು ಅಲ್ಲಿ ಓದುವವರಿಗೆ ಗೊತ್ತಿರುತ್ತದೆಯೇ? ಅದೂ ಗೊತ್ತಿಲ್ಲ. ಸುಪ್ರಿಯಾ ನನ್ನ ಜೊತೆ ಮಾತಾಡುತ್ತಾಳೆ, ಆದರೆ ನನಗೆ ಕೊಟ್ಟಿದ್ದ ಫಾರ್ಮಿನ ಪಾಸ್‌ವರ್ಡ್ ಬದಲಾಯಿಸಿಕೊಂಡಿದ್ದಾಳೆ. ಸರಿಯಾಗಿಯೇ ಮಾಡಿದ್ದಾಳೆ.

ನಾನು ಮಾತ್ರ ಕೋರ್ಟಿನ ಮಾತನ್ನು ಇನ್ನೂ ತಲೆಯಲ್ಲಿ ತಿರುಗಿಸುತ್ತಿದ್ದೇನೆ. ಜನಾಂಗ ನೋಡಬೇಡಿ, ಎಲ್ಲರೂ ಸಮಾನರಾಗುತ್ತಾರೆ. ಕೇಳೋಕೆ ಚೆನ್ನಾಗಿದೆ. ಆದರೆ ನಮ್ಮ ತಾರಸಿಯ ಮೇಲೆ ನಾನು ಕಂಡದ್ದು ಬೇರೆ. ಎಂಟು ವರ್ಷ ಪ್ರಶ್ನೆ ಕೇಳಿದರು, ಆಗ ಅಂಕಲ್ ಹನ್ನೆರಡರಲ್ಲಿ ಒಬ್ಬರಾಗಿದ್ದರು. ಕೇಳುವುದನ್ನು ನಿಲ್ಲಿಸಿದ ದಿನ ಅವರೊಬ್ಬರೇ ಬೇರೆಯಾದರು. ಕೇಳದೇ ಬಿಡುವುದಕ್ಕೂ ಮೊದಲು ಗೊತ್ತಿರಬೇಕಲ್ಲ? ಮತ್ತೆ, ಕೇಳಲೇ ಬೇಕು ಅಂತಾದರೆ, ಒಳಗೆ ಕರೆಯೋಕೆ ಕೇಳುವುದಕ್ಕೂ ಎಲ್ಲಿ ಕೂರಿಸಬೇಕು ಎಂದು ಅಳೆಯೋಕೆ ಕೇಳುವುದಕ್ಕೂ ವ್ಯತ್ಯಾಸವಿಲ್ಲವೇ?

ಮುಂದಿನ ತಿಂಗಳ ಊಟ ರಾಮನಗರದಲ್ಲಿ, ಹನುಮಂತಪ್ಪ ಅಂಕಲ್ ಮನೆಯಲ್ಲಿ. ಅವರೇ ಗ್ರೂಪಿನಲ್ಲಿ ಮೆಸೇಜು ಹಾಕಿದ್ದಾರೆ. ಎಲ್ಲರೂ ಹೆಬ್ಬೆರಳಿನ ಚಿತ್ರ ಹಾಕಿದ್ದಾರೆ. ಎಷ್ಟು ಜನ ಬರುತ್ತಾರೆ ಎಂದು ನಾನು ಈಗಲೇ ಹೇಳಲಾರೆ.

ನಿಮ್ಮನ್ನು ಯಾರಾದರೂ ಮನೆ ದೇವರು ಯಾವುದು ಅಂತ ಕೇಳಿದಾಗ ನೀವು ಏನು ಹೇಳಿದಿರಿ, ನನಗೆ ಬರೆಯಿರಿ. ಕೇಳಿದವರು ನೀವೇ ಆಗಿದ್ದರೆ, ಅದನ್ನೂ ಬರೆಯಿರಿ. ನನ್ನದನ್ನು ನಾನು ಬರೆದಾಯಿತು.