ಥ್ರೋಬಾಲ್ ಹೋಯಿತು, ಏಸಿ ಬಸ್ಸು ಬಂತು

ಕಳೆದ ಮಂಗಳವಾರ ನನ್ನ ಮಗಳ ತಂಡ 41-3 ಅಂಕಗಳಿಂದ ಸೋತಿತು. ಅದೂ ತಮಗೆ ಗೊತ್ತೇ ಇಲ್ಲದ ಆಟದಲ್ಲಿ.

ನಗಬೇಡಿ. ಮಗಳು ಶರಲ್ ಹನ್ನೆರಡನೇ ಕ್ಲಾಸು. ಬಹರೈನಿನ ಭಾರತೀಯ ಶಾಲೆಯೊಂದರ ಥ್ರೋಬಾಲ್ ಕ್ಯಾಪ್ಟನ್. ಮೂರು ವರ್ಷ ಸತತ ಫೈನಲ್ ತಲುಪಿ, ಮೂರೂ ಸಲ ಪಕ್ಕದ ಊರು ಮುಹರ್ರಕ್‌ನ ಒಂದೇ ಶಾಲೆಯ ಕೈಲಿ ಸೋತವಳು. ಈ ವರ್ಷ ಕಪ್ ಬಿಡುವುದಿಲ್ಲ ಎಂದು ಆಗಸ್ಟ್ ಸೆಕೆಯಲ್ಲೂ ಪ್ರಾಕ್ಟೀಸ್ ಮಾಡಿದ್ದಳು. ಅವಳಿಗೆ ಇದು ಕೊನೆಯ ವರ್ಷ. ಆದರೆ ನಮ್ಮ ಶಾಲೆಗೆ ಈ ಸಲ ಫೈನಲೇ ಇಲ್ಲ. ನಾವು ಆ ಲೀಗನ್ನೇ ಬಿಟ್ಟಿದ್ದೇವೆ.

ಯಾಕೆ? ದುಡ್ಡಿಗೆ.

ಕ್ರೀಡಾ ಸಮಿತಿಯ ಅಧ್ಯಕ್ಷರು ಶೆಟ್ರು (ಮೀನಾ ಸಲ್ಮಾನ್ ಬಂದರಿನಲ್ಲಿ ಗೋದಾಮು ಇಟ್ಟುಕೊಂಡವರು, ಮನುಷ್ಯ ಕೆಟ್ಟವರಲ್ಲ) ಒಬ್ಬ ಸ್ಪಾನ್ಸರನ್ನು ಹಿಡಿದು ತಂದರು. ಭಾರತೀಯ ಶಾಲೆಗಳ ಲೀಗ್ ಬಿಟ್ಟು ಇಂಟರ್‌ನ್ಯಾಷನಲ್ ಶಾಲೆಗಳ ಲೀಗ್ ಸೇರಿದರೆ ಹುಲ್ಲುಹಾಸಿನ ಮೈದಾನ, ಹೊಸ ಜೆರ್ಸಿ, ಏಸಿ ಬಸ್ಸು. ಪೋಷಕರ ಮೀಟಿಂಗಿನಲ್ಲಿ ಯಾರೋ ಕೇಳಿದರು: "ಅವರ ಸಿಲೆಬಸ್ಸೇ ಬೇರೆ ಅಲ್ವಾ?"

"ಸಿಲೆಬಸ್ಸಿಗೂ ಚೆಂಡಿಗೂ ಎಂತ ಸಂಬಂಧ ಮಾರಾಯ್ರೆ?" ಎಂದರು ಶೆಟ್ರು. "ಅಮೆರಿಕದಲ್ಲಿ ನೋಡಿ, ಆಚೆ ಕರಾವಳಿಯ ಕಾಲೇಜು ಈಚೆ ಕರಾವಳಿಯ ಲೀಗಿಗೆ ಸೇರಿದೆ. ಟೀವಿಯವರು ದುಡ್ಡು ಕೊಡ್ತಾರೆ, ಮಕ್ಕಳು ವಿಮಾನದಲ್ಲಿ ಹೋಗಿ ಆಡಿ ಬರ್ತಾರೆ. ಅವರಿಗೆ ಓದ್ಲಿಕ್ಕೆ ಇಲ್ವಾ?"

ಕೈ ಎತ್ತಿದವರಲ್ಲಿ ನಾನೂ ಒಬ್ಬಳು. (ಏಸಿ ಬಸ್ಸು ಎಂದ ಕೂಡಲೇ ನನ್ನ ಕೈ ತಾನಾಗಿ ಮೇಲೆ ಹೋಯಿತು. ಹಳೆಯ ಬಸ್ಸಿನಲ್ಲಿ ಮಗಳು ಬೆಂದು ಬರುವುದನ್ನು ನೋಡಿದ್ದೆನಲ್ಲ.) ಆ ಲೀಗಿನಲ್ಲಿ ಥ್ರೋಬಾಲ್ ಇದೆಯೇ ಎಂದು ಒಬ್ಬರಾದರೂ ಕೇಳಬೇಡವೇ? ಕ್ಯಾಪ್ಟನ್ನಿನ ತಾಯಿಯಾದರೂ? ಕೇಳಲಿಲ್ಲ. ಅಲ್ಲಿರುವುದು ನೆಟ್‌ಬಾಲ್, ಕಂಬದ ಮೇಲಿನ ರಿಂಗಿಗೆ ಚೆಂಡು ಹಾಕುವ ಆಟ. ಚೆಂಡು ಎಸೆಯುವುದೇ ತಾನೇ, ಕಲಿಯುತ್ತಾರೆ ಎಂದು ಶೆಟ್ರು ಆಮೇಲೆ ಸಮಾಧಾನ ಹೇಳಿದರು.

ಮಂಗಳವಾರದ ಮ್ಯಾಚ್ ಕಡಲ ಸೇತುವೆಯಾಚೆ, ಸೌದಿಯಲ್ಲಿ. ಬುಧವಾರ ಬೆಳಿಗ್ಗೆ ನಮ್ಮ ಮಕ್ಕಳಿಗೆ ಫಿಸಿಕ್ಸ್ ಪ್ರಿ-ಬೋರ್ಡ್ ಪರೀಕ್ಷೆ. ಆ ಶಾಲೆಗಳ ತಪ್ಪಲ್ಲ ಬಿಡಿ, ಅವರ ದೊಡ್ಡ ಪರೀಕ್ಷೆ ಇರುವುದು ಮೇ-ಜೂನ್‌ನಲ್ಲಿ. ನಾನು ಆಸ್ಪತ್ರೆಯಲ್ಲಿ ಡ್ಯೂಟಿ ಬದಲಾಯಿಸಿಕೊಂಡು ಜೊತೆಗೆ ಹೋದೆ. ಇಮಿಗ್ರೇಷನ್ ಸಾಲಿನಲ್ಲಿ ಎರಡು ಗಂಟೆ. ಏಳು ಹುಡುಗಿಯರು ಬಸ್ಸಿನಲ್ಲಿ ಕೂತು ಫಿಸಿಕ್ಸ್ ಪುಸ್ತಕ ತಿರುವುತ್ತಿದ್ದರು. ಏಸಿ ಚೆನ್ನಾಗಿತ್ತು, ಅದರ ಬಗ್ಗೆ ದೂರಿಲ್ಲ.

ಸೋತದ್ದಕ್ಕೆ ನನಗೆ ಅಷ್ಟು ಬೇಸರವಾಗಲಿಲ್ಲ. ಬೇಸರವಾದದ್ದು ಆಮೇಲಿನದಕ್ಕೆ.

ಹಳೆಯ ಲೀಗಿನಲ್ಲಿ ಒಂದು ರೂಢಿಯಿತ್ತು. ಮ್ಯಾಚ್ ಮುಗಿದ ಮೇಲೆ ಎರಡೂ ತಂಡದವರು ಮೆಟ್ಟಿಲ ಮೇಲೆ ಕೂತು ತಂತಮ್ಮ ಶಾಲೆಯ ಹಳೆಯ ಪ್ರಶ್ನೆಪತ್ರಿಕೆ ಬದಲಾಯಿಸಿಕೊಳ್ಳುವುದು. ಐದು ನಿಮಿಷದ ಹಿಂದೆ ಲೈನಿನ ವಿಷಯಕ್ಕೆ ಕಿತ್ತಾಡಿದವರೇ! ಒಂದೇ ಸಿಲೆಬಸ್, ಒಂದೇ ಹೆದರಿಕೆ. ಶರಲ್ ಅಭ್ಯಾಸಬಲದಿಂದ ಸೌದಿಗೂ ಒಂದು ಕಟ್ಟು ಒಯ್ದಿದ್ದಳು. ಎದುರಾಳಿ ಕ್ಯಾಪ್ಟನ್ ಎರಡು ಹಾಳೆ ತಿರುವಿ ನೋಡಿ, ನಯವಾಗಿಯೇ ವಾಪಸ್ ಕೊಟ್ಟಳು.

"ಅವಳು ನೈಸ್ ಇದ್ಳು ಮಮ್ಮಿ," ಎಂದಳು ಮಗಳು ಬಸ್ಸಿನಲ್ಲಿ. "ಬಟ್ ನಮ್ಗೆ ಮಾತಾಡ್ಲಿಕ್ಕೆ ಎಂತದೂ ಇರ್ಲಿಲ್ಲ."

ಸಿಟ್ಟು ಬಂತು. ಶೆಟ್ರ ಮೇಲೆ ಅರ್ಧ, ಮೀಟಿಂಗಿನಲ್ಲಿ ಎತ್ತಿದ ನನ್ನ ಕೈಯ ಮೇಲೆ ಅರ್ಧ.

ಗುರುವಾರ ಮುಹರ್ರಕ್ ತಂಡದ ಕ್ಯಾಪ್ಟನ್ ಮಗಳಿಗೆ ಫೋನ್ ಮಾಡಿದಳು. ಭಾನುವಾರದ ಕೆಮಿಸ್ಟ್ರಿ ಪರೀಕ್ಷೆಗೆ ನಮ್ಮ ಶಾಲೆಯ ಹಳೆಯ ಪ್ರಶ್ನೆಪತ್ರಿಕೆ ವಾಟ್ಸಾಪ್ ಮಾಡಿದ್ದೇನೆ, ಶುಕ್ರವಾರ ಸಂಜೆ ಒಂದು ಮ್ಯಾಚ್ ಆಡೋಣ, ಕಪ್ ಇಲ್ಲದಿದ್ದರೇನು ಎಂದಳಂತೆ. ಶರಲ್ ಕುಣಿದಾಡಿದಳು. ನಾನು ಶೆಟ್ರಿಗೆ ಫೋನ್ ಹಚ್ಚಿದೆ.

"ಶುಕ್ರವಾರ ಮುಹರ್ರಕ್‌ಗೆ ಬಸ್ಸು ಬೇಕಿತ್ತು ಶೆಟ್ರೇ."

"ಅದು ಆಗುದಿಲ್ಲ ಸಿಸ್ಟರ್. ಸ್ಪಾನ್ಸರ್ ಹೆಸರು ಉಂಟಲ್ಲ ಅದರಲ್ಲಿ. ಲೀಗಿನ ಮ್ಯಾಚಿಗೆ ಮಾತ್ರ ಅಂತ ಎಗ್ರಿಮೆಂಟ್."

"ಹಳೆ ಬಸ್ಸು?"

"ಅದನ್ನು ಮಾರಿ ಆಯ್ತಲ್ಲ."

ಎರಡು ಕಾರಿನಲ್ಲಿ ಏಳು ಹುಡುಗಿಯರನ್ನು ತುಂಬಿಕೊಂಡು ಹೋದೆವು. ಗೆದ್ದರು! ಮುಹರ್ರಕ್‌ನವರ ಎದುರು ಮೊದಲ ಸಲ. ಕಪ್ ಇಲ್ಲ, ಫೋಟೋ ಇಲ್ಲ, ಯಾವ ಪಟ್ಟಿಯಲ್ಲೂ ಸೇರುವುದಿಲ್ಲ. ಶರಲ್ ಮೆಟ್ಟಿಲ ಮೇಲೆ ಕೂತು ಎದುರಾಳಿಗೆ ಫಿಸಿಕ್ಸಿನ ಲೆಕ್ಕ ಹೇಳಿಕೊಡುತ್ತಿದ್ದಳು. ಅವಳ ಮುಖ ನೋಡಿ ನನಗೆ ಖುಷಿಯೂ ಆಯಿತು, ಅಳುವೂ ಬಂತು.

ವಾಪಸ್ ಬರುವಾಗ ಶಾಲೆಯ ಗೇಟಿನ ಮುಂದೆ ಹಾದೆವು. ಒಳಗೆ ಏಸಿ ಬಸ್ಸು ತೊಳೆದು ಒರೆಸಿಕೊಂಡು ಖಾಲಿ ನಿಂತಿತ್ತು.

ಒಂದು ಮಾತು ಹೇಳಿ ಶೆಟ್ರೇ: ಶಾಲೆಗೆ ಬಸ್ಸು ಸಿಕ್ಕಿದ್ದೋ, ಬಸ್ಸಿಗೆ ಶಾಲೆ ಸಿಕ್ಕಿದ್ದೋ?